ಎಲ್ಲಿಗೂ ಸೇರದ ವೈರು

"ಈ ಸಲ ನೀನು ಪ್ರಾಕ್ಟೀಸಿಗೆ ಬರೋದು ಬೇಡ ಬಿಡು. ನಿಂಗೆಲ್ಲಾ ಬಾಯಿಪಾಠ" ಎಂದು ಭಾವ ಫೋನಿನಲ್ಲಿ ಹೇಳಿದಾಗಲೇ ಟೈಲರನ ಕಿವಿ ನೆಟ್ಟಗಾಯಿತು. ಭಾವ ಎಂದರೆ ಹೆಂಡತಿಯ ಅಣ್ಣ, ತಂಡದ ಹಾಡುಗಾರ; ಇವನು ಡ್ರಮ್ ಬಾರಿಸುವವನು. ತಾವು ಹುಡುಗರಾಗಿದ್ದಾಗ ಕೇಳಿದ ಪಾಪ್, ರಾಕ್ ಹಾಡುಗಳಿಗೆಂದೇ ವರ್ಷಕ್ಕೊಂದು ರಾತ್ರಿ ಮೀಸಲಿಟ್ಟು ಇಬ್ಬರೂ ಇಪ್ಪತ್ತೆರಡು ವರ್ಷದಿಂದ ಕಾರ್ಯಕ್ರಮ ನಡೆಸುತ್ತಿದ್ದರು. ಪ್ರಾಕ್ಟೀಸು ಬೇಡ ಎಂದು ಭಾವ ಒಂದು ಸಲವೂ ಅಂದವನಲ್ಲ.

ಅಂದಿನಿಂದ ಅವನಿಗೆ ಎಲ್ಲದರಲ್ಲೂ ಹುಳುಕು ಕಾಣತೊಡಗಿತು. ಅಣ್ಣನ ಫೋನು ಬಂದರೆ ಹೆಂಡತಿ ಬಟ್ಟೆ ಹರವುವ ನೆಪ ಮಾಡಿ ಬಾಲ್ಕನಿಗೆ ಹೋಗುತ್ತಿದ್ದಳು. ಬಟ್ಟೆಯ ಬಕೆಟ್ಟು ಬಚ್ಚಲಲ್ಲೇ ಇರುತ್ತಿತ್ತು. ಕೇಳಿದರೆ, "ಏನಿಲ್ಲಾರೀ, ಸುಮ್ನೆ." ಗಿಟಾರಿನವನು ಪ್ಯಾಂಟಿನ ಅಳತೆ ಕೊಡಲು ಅಂಗಡಿಗೆ ಬಂದವನು, ಟೈಲರ್ ಸೊಂಟಕ್ಕೆ ಟೇಪು ಸುತ್ತುವಾಗಲೂ ಗೋಡೆಯನ್ನೇ ನೋಡುತ್ತ ನಿಂತಿದ್ದ. ನನ್ನ ಜಾಗಕ್ಕೆ ಬೇರೆ ಯಾರನ್ನೋ ಗೊತ್ತುಮಾಡಿದ್ದಾರೆ ಎಂದುಕೊಂಡ ಟೈಲರ್. ಆ ದಿನ ಹೊಲಿಗೆ ಎರಡು ಸಲ ಸೊಟ್ಟ ಹೋಯಿತು.

ಕಾರ್ಯಕ್ರಮದ ದಿನ ಮಧ್ಯಾಹ್ನವೇ ಅಂಗಡಿಗೆ ಬೀಗ ಜಡಿದು, ಯಾರಿಗೂ ಹೇಳದೆ ಸಭಾಂಗಣಕ್ಕೆ ಹೋದ. ವೇದಿಕೆಯ ಮೇಲೆ ಇದ್ದದ್ದು ಅವನವೇ ಡ್ರಮ್ಮುಗಳು. ಒಂದೊಂದರ ಮುಂದೂ ಮೈಕು. ಸಮಾಧಾನವಾಗುವ ಬದಲು ಅನುಮಾನ ಇನ್ನೂ ಬಲಿಯಿತು. ನೂಲಿನ ತುದಿ ಹುಡುಕುವವನಂತೆ ಮೈಕಿನ ವೈರನ್ನು ಬೆರಳಲ್ಲಿ ಹಿಡಿದು ಬಗ್ಗಿ ಬಗ್ಗಿ ಹಿಂದೆ ನಡೆದ. ಅದು ಜಮಖಾನೆಯ ಅಡಿ ತೂರಿ, ಪರದೆಯ ಹಿಂದೆ ಸುರುಳಿಯಾಗಿ ಬಿದ್ದಿತ್ತು. ತುದಿ ಎಲ್ಲಿಗೂ ಸೇರಿರಲಿಲ್ಲ.

ಸೌಂಡ್ ನೋಡಿಕೊಳ್ಳುವ ಹೆಂಗಸು ಓಡಿ ಬಂದಳು. "ಅಯ್ಯೋ ಸಾರ್, ಅದನ್ನ ಮುಟ್ಬೇಡಿ!"

"ಯಾಕೆ?"

ಅವಳು ಒಂದು ಸುಳ್ಳಿಗಾಗಿ ತಡಕಾಡಿದಳು, ಸಿಗಲಿಲ್ಲ. "ನಿಮ್ಮ ಡ್ರಮ್ಮಿನ ಬದಲು ಸ್ಪೀಕರಲ್ಲಿ ರೆಕಾರ್ಡಿಂಗ್ ಹಾಕ್ತೀವಿ ಸಾರ್. ಹೋದ ವರ್ಷಾನೂ ಅದೇ."

ಹೋದ ವರ್ಷ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಟೈಲರ್ ಅಲ್ಲೇ ನೆಲದ ಮೇಲೆ ಕುಕ್ಕರಿಸಿದ.

ಭಾವ ಬಂದೊಡನೆ ವೈರಿನ ತುದಿ ಎತ್ತಿ ತೋರಿಸಿದ. "ಏನಿದು?"

ಭಾವನ ಮುಖ ಸಣ್ಣಗಾಯಿತು. "ನಿನ್ನ ಕೈ ತಾಳಕ್ಕಿಂತ ಹಿಂದೆ ಬೀಳುತ್ತೆ ಕಣೋ, ಎರಡು ವರ್ಷದಿಂದ. ನಿನ್ನ ಕೈಬಿಡೋಣ ಅಂತಲೇ ಇದ್ದೆ. ತಂಗಿ ಬಂದು ಅತ್ತಳು. ನಮ್ಮನೆಯವ್ರಿಗೆ ಗೊತ್ತಾಗದ ಹಾಗೆ ಏನಾದ್ರೂ ಮಾಡಣ್ಣ ಅಂದ್ಲು."

ಟೈಲರನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ವೈರಿನ ತುದಿಯನ್ನು ಭಾವನ ಕೈಗಿಟ್ಟು, "ಒಂದು ಹಾಡಿಗೆ ವೈರು ಹಾಕ್ಸು. ಆಮೇಲೆ ನಾನೇ ಇಳೀತೀನಿ" ಎಂದ.

ರಾತ್ರಿ ಮೊದಲ ಹಾಡಿಗೆ ಕೋಲು ಎತ್ತುವ ಮುಂಚೆ, ವೈರು ಸೇರಿದೆಯೇ ಎಂದು ಎರಡು ಸಲ ತಾನೇ ಹೋಗಿ ನೋಡಿ ಬಂದ. ಎರಡನೇ ಚರಣದಲ್ಲಿ ಕೈ ಹಿಂದೆ ಬಿತ್ತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಭಾವ ತಿರುಗಿ ನೋಡಿ, ತನ್ನ ದನಿಯನ್ನೇ ಇವನ ಕೈಗೆ ತಕ್ಕಂತೆ ನಿಧಾನಿಸಿಕೊಂಡ. ಹಾಡು ಕುಂಟುತ್ತ ಕುಂಟುತ್ತಲೇ ದಡ ಸೇರಿತು. ಚಪ್ಪಾಳೆ ಹೋದ ವರ್ಷದಷ್ಟಿರಲಿಲ್ಲ.

ಕೆಳಗಿಳಿದು ಹೆಂಡತಿಯ ಪಕ್ಕದ ಕುರ್ಚಿಯಲ್ಲಿ ಕೂತ. "ಹೇಗಿತ್ತು? ನಿಜ ಹೇಳು."

ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಹಿಂದೆ ಬಿತ್ತು ರೀ. ಎರಡು ಕಡೆ."

ಒಂದು ತಿಂಗಳಲ್ಲಿ ಮೊದಲ ಸಲ ಅವಳ ಮಾತನ್ನು ಅವನು ಮರುಪ್ರಶ್ನೆಯಿಲ್ಲದೆ ನಂಬಿದ.