ಹೊಳಿ ಬಂತು

"ಹೋಳಿ ಬಂತು, ಏಳೂ..." ಅಮಿತಾ ಕೊನೆಯ ಸ್ವರವನ್ನು ಗೋದಾಮಿನ ತಗಡಿಗೆ ಮುಟ್ಟಿಸಿದಳು. ಕೀಬೋರ್ಡ್ ನುಡಿಸುತ್ತಿದ್ದ ಭುವನೇಶ್ವರಿಯ ಬೆರಳು ನಿಂತವು. ಹೊಳಿ ಅಂತ ಬರೆದುಕೊಟ್ಟರೆ ಇವಳು ಸ್ವರ ಎಳೆದೆಳೆದು ಹೋಳಿ ಮಾಡಿದ್ದಾಳೆ! ಉಕ್ಕಿ ಬರುವ ಭೀಮಾ ಹೊಳಿ ಎಲ್ಲಿ, ಬಣ್ಣ ಎರಚುವ ಹೋಳಿ ಎಲ್ಲಿ? ಬ್ಯಾಂಡು ನಡೆಸುವ ಮಹೇಶಕುಮಾರನಿಗೆ ತನ್ನ ಗಿಟಾರಿನ ಗದ್ದಲದಲ್ಲಿ ಅದು ಕೇಳಿಸಲೇ ಇಲ್ಲ.

"ಅಕ್ಕಾ, ಉಚ್ಚಾರ ಬರೋಬರಿ ಅದ ಏನ್ರಿ? ತಪ್ಪಿದ್ರ ಹೇಳ್ರಿ," ಅಮಿತಾ ಕೇಳಿದಳು.

"ಏಕದಮ್ ಬರೋಬರಿ," ಅಂದಳು ಭುವನೇಶ್ವರಿ. ಹಾಡಲಿ. ನಾಳೆ ಕಾರ್ಯಕ್ರಮದಲ್ಲಿ ಜೇವರ್ಗಿ ಮಂದಿ ಬಿದ್ದು ಬಿದ್ದು ನಗಲಿ.

ಹೊಟ್ಟೆಕಿಚ್ಚೇ, ಮತ್ತೇನಲ್ಲ. ಆರು ವರ್ಷ 'ನಡುಹೊಳಿ' ಬ್ಯಾಂಡಿಗೆ ದನಿ ಅಂದರೆ ಅವಳೇ. ನೆಲೋಗಿಯ ಈ ಗೋದಾಮಿನಲ್ಲಿ ಡ್ರಮ್ಮು, ಗಿಟಾರಿನ ಅಬ್ಬರಕ್ಕೆ ಪಿಟೀಲು, ಕೋರಸ್ಸು ಕೂಡಿಸಿ ಸಿಂಫೋನಿಕ್ ಮೆಟಲ್ ಅಂತ ಶುರು ಮಾಡಿದಾಗ ಊರೇ ಬೈದಿತ್ತು. ಪುಣೆಯ ಮ್ಯೂಸಿಕ್ ಕಂಪನಿಯೊಂದು ಹಾಡು ಕೇಳಬೇಕು ಅಂದದ್ದೇ ತಡ, "ಮ್ಯಾಲಿನ ಸ್ವರಕ್ಕ ನಿನ್ನ ಗಂಟಲ ಸಾಲಂಗಿಲ್ಲಬೇ" ಅಂದ ಮಹೇಶ, ಅಲ್ಲಿಂದಲೇ ಈ ಮರಾಠಿ ಮನೆಮಾತಿನವಳನ್ನು ಕರೆತಂದ. ಹಾಡು ಮಾತ್ರ ಭುವನೇಶ್ವರಿಯದು, ಅಜ್ಜಿ ಹೇಳಿದ್ದನ್ನು ಕೇಳಿ ಬರೆದದ್ದು. ಹಿಂದೊಮ್ಮೆ ಸೊನ್ನದ ಕಡೆ ರಾತ್ರಿ ಹೊಳೆ ಉಕ್ಕಿ ಬಂದಾಗ ಅವಳ ಅಜ್ಜಿ ಶಾರದಾಬಾಯಿ "ಹೊಳಿ ಬಂತು, ಏಳ್ರೀ" ಅಂತ ಕೂಗಿ ಓಣಿಯನ್ನೆಲ್ಲ ಎಬ್ಬಿಸಿದ್ದಳು. ತನ್ನ ತಂಗಿಯನ್ನು ಮಾತ್ರ ಉಳಿಸಿಕೊಳ್ಳಲಾಗಲಿಲ್ಲ.

ಮರುದಿನ ಸಂಜೆ ಜೇವರ್ಗಿಯಲ್ಲಿ ಯಾರೂ ನಗಲಿಲ್ಲ. ಹೋಳಿ ಹಬ್ಬಕ್ಕೆ ನಾಲ್ಕೇ ದಿನ. ಅಮಿತಾ ಸ್ವರ ಏರಿಸಿದ್ದೇ ತಡ, "ಹೋಳಿ ಬಂತು ಲೇ!" ಅಂತ ಹುಡುಗರು ಎದ್ದು ಕುಣಿದರು. ಯಾರೋ ಅಂಗಡಿಯಿಂದ ಗುಲಾಲು ತಂದು ತೂರಿದರು. ಮೂರು ಸಲ ಅದನ್ನೇ ಹಾಡಿಸಿದರು. ಕಂಪನಿಯವನು ವೇದಿಕೆಗೇ ಬಂದು ಅಮಿತಾಳ ಕೈ ಕುಲುಕಿದ. "ಇದು ಹೋಳಿ ಹಾಡು. ಹಬ್ಬಕ್ಕೇ ಬಿಡೋಣ!" ಅಂದ.

ಮಹೇಶ ಗಾಬರಿಯಾಗಿ ಭುವನೇಶ್ವರಿಯ ಮುಖ ನೋಡಿದ. "ಹೋಳಿ ಅಂದಳೇನು? ನಿನಗ ಗೊತ್ತಿತ್ತೇನಬೇ?"

ಹೌದು ಅಂದರೆ ತಾನೇ ಹಾಳು ಮಾಡಿದ್ದು ಹೊರಬರುತ್ತದೆ. "ಇಲ್ಲ," ಅಂದಳು. ಅಮಿತಾ ಓಡಿ ಬಂದು ಅವಳನ್ನು ತಬ್ಬಿಕೊಂಡಳು. "ಎಲ್ಲಾ ನಿಮ್ಮಿಂದ ಅಕ್ಕಾ!"

ಭುವನೇಶ್ವರಿ ಕೊಸರಿಕೊಂಡು ಕೆಳಗಿಳಿದಳು. ಮೊಮ್ಮಗಳ ಹಾಡು ಕೇಳಲೆಂದೇ ಬಂದಿದ್ದ ಶಾರದಾಬಾಯಿ ಮುಂದಿನ ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಅವಳ ಕಿವಿ ಮಂದ. ಬಿಳಿ ಕೂದಲ ತುಂಬ ಗುಲಾಲು.

"ಹೊಳಿ ಬಂತು ಅಂತ ಆ ಹುಡುಗಿ ಅಷ್ಟು ಒದರ್ಯಾಳ," ಅಂದಳು ಮುದುಕಿ. "ಮಂದಿ ಓಡೋದು ಬಿಟ್ಟು ಯಾಕಬೇ ಕುಣ್ಯಾಕತ್ತಾರ?"

ಭುವನೇಶ್ವರಿ ಸೆರಗಿನಿಂದ ಅಜ್ಜಿಯ ಹಣೆ ಒರೆಸಿದಳು. ಒರೆಸಿದಷ್ಟೂ ಗುಲಾಲು ಹರಡಿತು.