ಗುರುಬಸವ್ವನ ನಾಲ್ಕು ಬೆರಳು

"ಏ ರಂಡೇರಾ, ಹಿಂದಿನ ಬಾಗಿಲಕ್ಕ ಹೋಗ್ರಿ. ಪಾತ್ರಿ ತಿಕ್ಕೋರಿಗೆ ಇಲ್ಲಿ ದಾರಿ ಇಲ್ಲ."

ಕಲಾ ಗ್ಯಾಲರಿಯ ವಾಚ್‌ಮನ್ ಪಾಂಡು ಕೋಲು ಅಡ್ಡ ಹಿಡಿದಿದ್ದ. ಕಳ್ಳಕವಟಗಿಯಿಂದ ಒಂದೇ ಟಂಟಂ ಆಟೋದಲ್ಲಿ ಒಂಬತ್ತು ಹೆಂಗಸರು ಒಬ್ಬರ ತೊಡೆಯ ಮೇಲೊಬ್ಬರು ಕೂತು ವಿಜಯಪುರಕ್ಕೆ ಬಂದಿದ್ದೆವು. ನಕ್ಕು ನಕ್ಕು ಪಕ್ಕೆ ನೋಯುತ್ತಿತ್ತು. ಅವನ ಬೈಗುಳಕ್ಕೂ ನಗುವೇ ಬಂತು.

"ಪಾತ್ರಿ ನಿಮ್ಮವ್ವ ತಿಕ್ತಾಳ. ಒಳಗ ನಮ್ಮ ಕೈ ಅದಾವ, ನೋಡಾಕ ಬಂದೇವಿ," ಎಂದೆ.

"ಕೈ ಮೈಯಾಗ ಇರ್ತಾವು. ಕುಡದು ಬಂದೀರೇನ ಬೇ?"

"ನಮಗ ಎರಡು ಜೋಡಿ ಅದಾವಪಾ. ಒಂದು ದುಡಿಯಾಕ, ಒಂದು ನಿಮ್ಮಂಥವರು ನೋಡಾಕ."

ಸುಳ್ಳಲ್ಲ. ಚಳಿಗಾಲದಲ್ಲಿ ಧನಶ್ರೀ ಎಂಬ ಶಿಲ್ಪಿಯ ಆಳುಗಳು ನಾವು ದುಡಿಯುವ ದ್ರಾಕ್ಷಿ ತೋಟಕ್ಕೆ ಬಂದು, ಬಕೆಟಿನ ರಾಡಿಯಲ್ಲಿ ನಮ್ಮ ಕೈ ಅದ್ದಿಸಿ ಅಚ್ಚು ತೆಗೆದಿದ್ದರು. ಪ್ರದರ್ಶನಕ್ಕೆ ನೀವೂ ಬರಬೇಕು ಎಂದಿದ್ದರು. ನಾವು ಎಂಟು ಜನ ಗಮ್ಮತ್ತಿಗೆ ಹೊರಟವರು. ಗುರುಬಸವ್ವ ಹಾಗಲ್ಲ. ಎರಡು ವರ್ಷದ ಹಿಂದೆ ಸಂಗಣ್ಣ ಸಾವ್ಕಾರನ ಒಣದ್ರಾಕ್ಷಿ ಶೆಡ್ಡಿನಲ್ಲಿ ಯಂತ್ರದ ಬೆಲ್ಟು ಅವಳ ಬಲಗೈ ತೋರುಬೆರಳನ್ನು ಬುಡಸಮೇತ ಕಿತ್ತಿತ್ತು. ಪರಿಹಾರಕ್ಕೆ ಅವಳು ಅರ್ಜಿ ಕೊಟ್ಟಾಗ, ಮನೆಯಲ್ಲಿ ಕುಡಗೋಲಿಗೆ ಕೊಯ್ದುಕೊಂಡಿದ್ದಾಳೆ ಎಂದು ಸಾವ್ಕಾರ ಕಾರ್ಮಿಕ ಆಫೀಸಿನಲ್ಲಿ ಬರೆದುಕೊಟ್ಟ. ಸಾಕ್ಷಿ ಇದ್ದರೆ ಕೇಸು ಎಂದರು ಸಾಹೇಬರು. ನಾನು ಆ ದಿನ ಅವಳ ಪಕ್ಕದಲ್ಲೇ ಇದ್ದವಳು. ಕೇಳಿದಾಗ, ನಾ ನೋಡಿಲ್ಲರಿ ಎಂದೆ. ಸಾವ್ಕಾರನ ಹತ್ತಿರ ಕೆಲಸ ಉಳಿಯಿತು, ಗುರುಬಸವ್ವ ನನ್ನ ಮುಖ ನೋಡುವುದು ಬಿಟ್ಟಳು.

ಇವತ್ತು ಮುಖ್ಯ ಅತಿಥಿ ಅದೇ ಸಂಗಣ್ಣ.

"ನನ್ನ ನಾಕು ಬೆರಳಿನ ಕೈ ಮುಂದ ನಿಂತು ಅಂವಾ ಮಂದೀಗೆ ಏನ್ ಹೇಳ್ತಾನ, ಕೇಳ್ಬೇಕು," ಎಂದಿದ್ದಳು ಗುರುಬಸವ್ವ ಟಂಟಂನಲ್ಲಿ.

ಕೊನೆಗೆ ಧನಶ್ರೀಯೇ ಬಾಗಿಲಿಗೆ ಬಂದು ನಮ್ಮನ್ನು ಒಳಗೆ ಕರೆದಳು. ಛಾವಣಿಯಿಂದ ತಂತಿಗಳಲ್ಲಿ ಬಿಳಿ ಬಿಳಿ ಕೈಗಳು ಇಳಿಬಿದ್ದಿದ್ದವು, ಫ್ಯಾನಿನ ಗಾಳಿಗೆ ತೂಗುತ್ತಿದ್ದವು. ನಮಗೆ ಹುಚ್ಚೇ ಹಿಡಿಯಿತು. ನಮ್ಮೊಳಗಿನ ವಿಜಯಲಕ್ಷ್ಮೀ ತನ್ನ ಅಚ್ಚಿನ ಕೈಯಿಂದಲೇ ಕಪಾಳಕ್ಕೆ ತಟ್ಟಿಸಿಕೊಂಡಳು. ಇನ್ನೊಬ್ಬಳು ತನ್ನ ಕೈಗೇ ಶೇಕ್‌ಹ್ಯಾಂಡ್ ಕೊಟ್ಟು, "ಆರಾಮ ಅದೀರೇನ್ರಿ?" ಎಂದಳು. ಪ್ರತಿ ಕೈಗೂ ಹೆಸರಿನ ಚೀಟಿ ಇತ್ತು, ಓದು ಬಾರದ ನಮಗೆ ಅದೇಕೆ? ಗೊಂಚಲಿನ ಹೆಚ್ಚಿನ ಕಾಯಿ ಉದುರಿಸುವ ಕತ್ತರಿ ಚರ್ಮದಲ್ಲಿ ಎಬ್ಬಿಸಿದ ಗಂಟು ಒಬ್ಬೊಬ್ಬರಿಗೆ ಒಂದೊಂದು ಜಾಗದಲ್ಲಿರುತ್ತದೆ, ಅದೇ ನಮ್ಮ ಗುರುತು. ಗುರುಬಸವ್ವನ ಗಂಟು ನಡುಬೆರಳಲ್ಲಿ, ಈಗ ಅವಳು ಕತ್ತರಿ ಹಿಡಿಯುವುದು ಅದರಲ್ಲೇ.

ಗಂಟು ಸಿಕ್ಕಿತು. ಆದರೆ ಅದರ ಪಕ್ಕದಲ್ಲಿ ಬೆರಳೂ ಇತ್ತು. ನುಣ್ಣಗೆ, ಉದ್ದಕ್ಕೆ, ಉಗುರು ಚೂಪಾಗಿ, ಹುಟ್ಟಿದಾಗಿನಿಂದ ಕೆಲಸವನ್ನೇ ಕಾಣದ ಬೆರಳು.

"ಇದ್ಯಾರ್ದ್ರಿ ಅಕ್ಕಾರ?"

"ನಂದೇ," ಎಂದು ಧನಶ್ರೀ ನಕ್ಕಳು. "ಅಚ್ಚಿನಾಗ ಒಂದು ಬೆರಳು ತುಂಬಿರ್ಲಿಲ್ಲ. ಪಾಪ, ಕೆಟ್ಟು ಕಾಣ್ತದ ಅಂತ ನನ್ನ ಬೆರಳು ನೋಡಿ ಮಾಡಿ ಹಚ್ಚಿದೆ."

ನಾವು ಬಿದ್ದು ಬಿದ್ದು ನಕ್ಕೆವು. ಗುರುಬಸವ್ವ ಮಾತ್ರ ಆ ಬೆರಳನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಹಾರ ಹಾಕಿಕೊಂಡ ಸಂಗಣ್ಣ, ತಾನೇ ಕಳಿಸಿದ್ದ ಒಣದ್ರಾಕ್ಷಿಯ ತಟ್ಟೆ ಹಿಡಿದು ಮೆಲ್ಲುತ್ತ, ಅದೇ ತಟ್ಟೆ ಹಿಡಿದ ಮಂದಿಯನ್ನು ಕಟ್ಟಿಕೊಂಡು ಬಂದ. ಚೀಟಿ ಓದಿದ. ಮುಖ ಅರಳಿತು.

"ಗುರುಬಸವ್ವ, ಕಳ್ಳಕವಟಗಿ. ನೋಡ್ರಿ, ಐದೂ ಬೆರಳು ಹೆಂಗ ಅದಾವ. ಈಕಿ ನನ್ನ ಮ್ಯಾಲ ಅರ್ಜಿ ಕೊಟ್ಟಾಳ, ಬೆರಳ ಹೋಗೈತಂತ." ಮಂದಿ ನಕ್ಕರು. "ಏ ಫೋಟೋದಾವ, ಚೀಟಿ ಕಾಣೂಹಂಗ ತಗಿ. ಆಫೀಸಿಗೆ ಕಳಸೂಣು."

ಫೋಟೋದವನು ಕ್ಯಾಮೆರಾ ಎತ್ತಿದ. ಗುರುಬಸವ್ವ ಆ ನುಣುಪಾದ ಬೆರಳನ್ನು ಹಿಡಿದು ಟಕ್ಕನೆ ಮುರಿದಳು.

"ನಿಮ್ಮದು ನೀವು ಇಟ್ಕೋರಿ," ಎಂದು ಧನಶ್ರೀಯ ಅಂಗೈಯಲ್ಲಿಟ್ಟಳು. ತೂಗುವ ಕೈಯ ಪಕ್ಕಕ್ಕೆ ತನ್ನ ಕೈ ಎತ್ತಿ ಹಿಡಿದಳು. "ಈಗ ತಗಿಯಪಾ."

"ಕುಡಗೋಲಿಗೆ ಹೋದ ಬೆರಳಿಗೆ ಎಷ್ಟ ನಾಟಕ ಮಾಡ್ತೀಯಲೇ ಬೋಸುಡಿ," ಎಂದು ಸಂಗಣ್ಣ ತನ್ನ ಹಳೇ ಮಾತಿಗೇ ಮರಳಿದ.

ನನ್ನ ನಗು ನಿಲ್ಲುತ್ತಿರಲಿಲ್ಲ. ಅಂಜಿಕೆಗೋ, ನಾಚಿಕೆಗೋ ತಿಳಿಯದು.

"ಕುಡಗೋಲಲ್ಲರಿ, ಎರಡನೇ ಬೆಲ್ಟು," ಎಂದೆ. "ಬಾಜೂಕ ನಾ ಇದ್ನಿ. ಬೆರಳ ದ್ರಾಕ್ಷಿ ರಾಶ್ಯಾಗ ಬಿತ್ತು, ಆರಿಸಿ ತಗದಾಕಿ ನಾನ. ರಾಶಿ ಚೆಲ್ಲಲಿಲ್ಲ. ಸಾವ್ಕಾರ್ರು ತೊಳಿಸಿ ಡಬ್ಬಿ ತುಂಬ್ಸಿದ್ರು."

ತಟ್ಟೆ ಹಿಡಿದವರ ದವಡೆಗಳು ನಿಂತವು. ಗುರುಬಸವ್ವ ಎತ್ತಿದ ಕೈ ಇಳಿಸದೆ ನನ್ನನ್ನೇ ನೋಡಿದಳು, ಎರಡು ವರ್ಷದ ನಂತರ.

ಫೋಟೋದವನು ನನ್ನ ಹೆಸರು ಕೇಳಿದ.

"ಸೀತವ್ವ," ಎಂದೆ. "ನಾಳಿಂದ ಕೆಲಸ ಇಲ್ಲದಾಕಿ ಅಂತ ಬರಿ."