ಬೈಬಲ್ಲಿನ ಮೊದಲ ಹಾಳೆ

ನಮ್ಮ ಮ್ಯಾಸಚೂಸೆಟ್ಸ್‌ನ ಈ ಊರನ್ನು ಕಟ್ಟಿದವರ ವಂಶಜರಿಗೆ ಒಂದು ಸಂಘವಿದೆ. ಸೇರಲು ಬರುವವರ ದಾಖಲೆ ನೋಡುವುದು ನನ್ನ ಕೆಲಸ. ಸದಸ್ಯನಲ್ಲದವನಿಗೆ ಈ ಕೆಲಸ ಕೊಡುವುದಿಲ್ಲ.

ವರ್ನಾ ಟಿಲ್ಸನ್ ಮೊಮ್ಮಗಳನ್ನು ಸೇರಿಸಲು ಮನೆತನದ ಬೈಬಲ್ ತಂದಿದ್ದರು. ಅದರಲ್ಲಿ 1702ರಿಂದ 1719ರವರೆಗೆ ಹುಟ್ಟಿದ ಆರು ಮಕ್ಕಳ ಹೆಸರುಗಳಿದ್ದವು. ಅವರಲ್ಲಿ 1711ರಲ್ಲಿ ಹುಟ್ಟಿದ ಮೆಹಿಟಬಲ್ ವರ್ನಾ ಅವರ ಮೂಲಜ್ಜಿ. ಅವಳು ಊರು ಕಟ್ಟಿದ ಜೊಸಾಯನ ಮಗಳೆಂಬುದಕ್ಕೆ ಇದೊಂದೇ ಪುರಾವೆ.

ಆರೂ ಹೆಸರು ಒಂದೇ ಶಾಯಿ, ಒಂದೇ ಕೈ. ಯಾರೋ ಒಂದೇ ದಿನ ಕೂತು ಬರೆದಂತಿತ್ತು. ಮಕ್ಕಳು ಹುಟ್ಟಿದ ಕಾಲಕ್ಕೆ ಈ ಪುಸ್ತಕ ಇತ್ತೇ ಎಂದು ಅಚ್ಚಾದ ವರ್ಷ ನೋಡೋಣವೆಂದರೆ ಮೊದಲ ಹಾಳೆಯೇ ಇಲ್ಲ.

“ಇಲಿ ತಿಂದಿರ್ಬೇಕು,” ಎಂದರು ವರ್ನಾ.

“ಇಲಿ ಸ್ಕೇಲ್ ಇಟ್ಕೊಂಡು ತಿನ್ನುತ್ತಾ ಮೇಡಂ? ಬ್ಲೇಡಲ್ಲಿ ಕುಯ್ದಿದ್ದಾರೆ.”

“ನನ್ನ ಮುಖ ಯಾಕ್ ನೋಡ್ತೀಯ? ಹಿಂದೆ ಈ ಪುಸ್ತಕ ಒಂದು ತಿಂಗಳು ನಿಮ್ಮಪ್ಪನ ಹತ್ರ ಇತ್ತು. ನೀವೂ ಮೆಹಿಟಬಲ್ ಕಡೆಯವರೇ ಅಲ್ವೇನಪ್ಪ?”

ಕಪಾಟಿನಿಂದ ತೀರಿಹೋದ ಅಪ್ಪನ ಅರ್ಜಿ ತೆಗೆದೆ. ನಾನು ಸದಸ್ಯನಾದದ್ದೂ ಅದರ ಆಧಾರದ ಮೇಲೆಯೇ. ‘ಟಿಲ್ಸನ್ ಬೈಬಲ್, ಅಚ್ಚಾದದ್ದು 1698. ಮೊದಲ ಹಾಳೆ ಕಣ್ಣಾರೆ ನೋಡಿದ್ದೇನೆ.’ ಕೆಳಗೆ ಅಪ್ಪನ ಸಹಿ.

ಹಳೆಯ ಬೈಬಲ್‌ಗಳಲ್ಲಿ ಎರಡನೇ ಭಾಗವಾದ ಹೊಸ ಒಡಂಬಡಿಕೆಗೆ ಬೇರೆಯದೇ ಶೀರ್ಷಿಕೆಯ ಹಾಳೆ ಇರುತ್ತದೆ, ಅದರಲ್ಲೂ ವರ್ಷ ಅಚ್ಚಾಗಿರುತ್ತದೆ. ಕುಯ್ದವರು ಅದನ್ನು ಮರೆತಿರಬಹುದು. ಮುಕ್ಕಾಲು ಪುಸ್ತಕ ಮಗುಚಿದೆ. ಹಾಳೆ ಇತ್ತು. ಅದರ ಕೆಳಗೆ 1791 ಎಂದಿತ್ತು. ಮೆಹಿಟಬಲ್ ಹುಟ್ಟಿ ಎಂಬತ್ತು ವರ್ಷವಾದ ಮೇಲೆ ಅಚ್ಚಾದ ಪುಸ್ತಕ.

“ಮುಚ್ಚಿಬಿಡು ಮರಿ,” ಎಂದರು ವರ್ನಾ ಮೆಲ್ಲಗೆ. “ನಾನೇನೂ ನೋಡ್ಲಿಲ್ಲ, ನೀನೂ ನೋಡ್ಲಿಲ್ಲ.”

ಮೊಮ್ಮಗಳ ಅರ್ಜಿಯ ಮೇಲೆ 1791 ಎಂದು ಬರೆದು ತಿರಸ್ಕರಿಸಿದೆ. ಆಮೇಲೆ ಅಪ್ಪನ ಅರ್ಜಿಯ ಮೇಲೂ ಅದನ್ನೇ ಬರೆದೆ.